ಒಂದು ಬೆರಳು ಕೆಳಗಿದ್ದ ಕೂಲಂಟ್

ಬಾನೆಟ್ಟಿನ ಒಳಗನ್ನೂ ಒಂದು ಸಲ ಒರೆಸಿಬಿಡೋಣ ಎಂದು ಅನ್ನಿಸದೇ ಹೋಗಿದ್ದರೆ ಅಲ್ಪವಿರಾಮರ ಆ ಭಾನುವಾರ ಸುಖವಾಗಿ ಕಳೆದುಹೋಗುತ್ತಿತ್ತು.

ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಯಾವ ವಾಕ್ಯ ಶುರು ಮಾಡಿದರೂ ನಡುವೆ ನಿಂತು, ಇದು ಸರಿಯೇ ಎಂದು ಯೋಚಿಸಿ, ಆಮೇಲೆ ಮುಂದುವರಿಸುವ ಅಭ್ಯಾಸದಿಂದಾಗಿ ಬೀದಿಯವರು ಆ ಹೆಸರಿಟ್ಟಿದ್ದರು. ಹೆಂಡತಿಗೆ ಅದು ಎಷ್ಟು ಹಿಡಿಸಿತ್ತೆಂದರೆ, ಇಷ್ಟು ವರ್ಷ ಜೊತೆಗಿದ್ದೂ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಸಣ್ಣಗೆ ಹೊಟ್ಟೆಕಿಚ್ಚಿತ್ತು.

ಆವತ್ತು ಸಂಜೆ ಐದಕ್ಕೆ ಡ್ರೈವಿಂಗ್ ಸ್ಕೂಲಿನ ಮೇಡಂ ಕಾರು ನೋಡಲು ಬರುವವರಿದ್ದರು. ಹನ್ನೆರಡು ವರ್ಷದ ಕಾರು. ಅಲ್ಪವಿರಾಮರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಮಾರಲು ಅವರಿಗೆ ಮನಸ್ಸಿರಲಿಲ್ಲ, ಆದರೆ ಹೆಂಡತಿಗೆ ಕಾರು ನಿಲ್ಲಿಸುವ ಶೆಡ್ಡು ಬೇಕಾಗಿತ್ತು. ಮಲಗುವ ಕೋಣೆಯ ಮೂಲೆಯಲ್ಲಿ ಒಂದೇ ಮಷೀನಿಟ್ಟುಕೊಂಡು ಹೊಲಿಯುತ್ತಿದ್ದವಳು ಈಗ ಹೊಲಿಗೆ ಕ್ಲಾಸು ತೆರೆಯುವವಳಿದ್ದಳು. ಒಂಬತ್ತು ಜನ ಹೆಸರು ಕೊಟ್ಟಾಗಿತ್ತು. ಸೋಮವಾರ ಇನ್ನೂ ನಾಲ್ಕು ಮಷೀನು ಬರುವುದಿತ್ತು.

"ಇವತ್ತು ಕಾರು ಹೋಗ್ಲಿಲ್ಲ ಅಂದ್ರೆ ಮಷೀನೆಲ್ಲ ಕೋಣೆಗೇ ಬರುತ್ತೆ. ನೀವು ಕಾರಲ್ಲಿ ಮಲಗಿ," ಎಂದು ಅವಳು ತಣ್ಣಗೆ ಹೇಳಿದ್ದಳು. ಕೂಗಿ ಹೇಳಿದ್ದರೆ ಅವರು ಅಷ್ಟು ಹೆದರುತ್ತಿರಲಿಲ್ಲ.

ಹೀಗೆ ಬೆಳಿಗ್ಗೆ ಏಳಕ್ಕೇ ಬಟ್ಟೆ ಹಿಡಿದು ನಿಂತ ಅಲ್ಪವಿರಾಮರು ಬಾನೆಟ್ಟು ಎತ್ತಿದರು. ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎಂಜಿನ್ನು ತಂಪಾಗಿಡುವ ಕೂಲಂಟ್ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಸಾಲಿನಲ್ಲಿ ಒಂದಕ್ಷರ ಬಿಟ್ಟುಹೋದದ್ದನ್ನು ಕಂಡಾಗ ಆಗುವಂಥ ಸಂಕಟ ಅವರಿಗೆ ಆಯಿತು. ಇಷ್ಟು ವರ್ಷ ಸರ್ವಿಸಿಗೆ ಬಿಟ್ಟಾಗ ಗ್ಯಾರೇಜಿನವರೇ ಏನೋ ಸುರಿದು ಕಳಿಸುತ್ತಿದ್ದರು. ಏನು ಸುರಿಯುತ್ತಿದ್ದರು ಎಂದು ಇವರು ಕೇಳಿರಲಿಲ್ಲ.

ಎದುರು ಮನೆಯ ಮ್ಯಾನೇಜರು ಮಂಡಿ ಹಿಡಿದುಕೊಂಡು ಬೀದಿ ದಾಟಿ ಬಂದರು. ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಯಾವುದನ್ನೇ ಆಗಲಿ ಪರಿಶೀಲಿಸದೆ ಬಿಡುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿ, ಡಬ್ಬಿಯಲ್ಲಿರುವುದು ಹಸಿರು ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಅಲ್ಪವಿರಾಮರ ಭಾವಮೈದ ಬಂದ. ಅವನು ಫ್ರಿಜ್ಜು ರಿಪೇರಿ ಮಾಡುವವನಾದ್ದರಿಂದ ಜಗತ್ತಿನಲ್ಲಿ ತಂಪಾಗುವ ವಸ್ತುಗಳೆಲ್ಲ ತನ್ನ ಸುಪರ್ದಿಗೆ ಸೇರಿದವೆಂದು ನಂಬಿದ್ದ. ಅವನು ಇಣುಕಿ ನೋಡಿ ಕೆಂಪು ಎಂದ.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಕೊನೆಯ ಮಾತು ಹೆಂಡತಿಯದು. ಕರೆದು ತೋರಿಸಿದರು. ಅವಳು ನೋಡಿ, ಇದು ಹತ್ತು ಸಲ ಒಗೆದ ಅಸ್ತರಿನ ಬಟ್ಟೆಯ ಬಣ್ಣ, ಮೊದಲು ಏನಿತ್ತೋ ದೇವರೇ ಬಲ್ಲ ಎಂದು ಒಳಗೆ ಹೋದಳು.

ಅಲ್ಪವಿರಾಮರು ಬಿಡಿಭಾಗಗಳ ಅಂಗಡಿಗೆ ನಡೆದರು. ಕಪಾಟಿನಲ್ಲಿ ಹಸಿರು, ಕೆಂಪು, ನೀಲಿ, ಹಳದಿ ಬಾಟಲಿಗಳು ಶರಬತ್ತಿನ ಅಂಗಡಿಯಂತೆ ಸಾಲಾಗಿ ನಿಂತಿದ್ದವು. ಅಭ್ಯಾಸಬಲದಿಂದ ಒಂದೊಂದೇ ಕೈಗೆತ್ತಿಕೊಂಡು ಹಿಂದಿನ ಸಣ್ಣಕ್ಷರಗಳನ್ನೆಲ್ಲ ಓದತೊಡಗಿದರು. ಮುಕ್ಕಾಲು ಗಂಟೆಯಾದ ಮೇಲೆ ಅಂಗಡಿಯವನು ಪಾಪ ಎಂದು ಒಂದು ಸ್ಟೂಲು ಕೊಟ್ಟ.

"ಬಣ್ಣ ನೋಡ್ಬೇಡಿ ಸಾರ್, ಅದು ಬರೀ ಬಣ್ಣ. ಒಂದೊಂದು ಕಂಪನಿದು ಒಂದೊಂದು ಥರ. ಕಾರಿನ ಪುಸ್ತಕದಲ್ಲಿ ಯಾವ ಜಾತಿದು ಅಂತ ಬರ್ದಿರ್ತಾರೆ, ಅದನ್ನ ನೋಡ್ಕೊಂಡು ಬನ್ನಿ. ಒಂದರ ಜೊತೆ ಇನ್ನೊಂದು ಜಾತಿ ಬೆರೆಸಿದ್ರೆ ಪೈಪೊಳಗೆ ಗಸಿ ಕಟ್ಕೊಳ್ಳುತ್ತೆ."

ಪುಸ್ತಕ ಎನ್ನುತ್ತಲೂ ಅಲ್ಪವಿರಾಮರ ಮುಖ ಅರಳಿತು. ಮನೆಗೆ ಬಂದು ಕಾರಿನಲ್ಲಿ ಹುಡುಕಿದರೆ ಪುಸ್ತಕವಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಕೊನೆಗೆ ಅದು ಸಿಕ್ಕಿದ್ದು ಹೊಲಿಗೆ ಮಷೀನಿನ ಗಿಡ್ಡ ಕಾಲಿನ ಕೆಳಗೆ. ಹೆಂಡತಿ ತಲೆ ಬಗ್ಗಿಸಿ ಹೊಲಿಯುತ್ತಿದ್ದಾಗಲೇ ಮೆಲ್ಲಗೆ ಎಳೆದರು. ಮಷೀನು ಒಂದು ಕಡೆಗೆ ವಾಲಿತು, ತೋಳಿನ ಹೊಲಿಗೆ ಕಂಕುಳು ಬಿಟ್ಟು ಮೊಣಕೈ ಕಡೆಗೆ ಹೊರಟಿತು. ಅವಳು ಗಡಿಯಾರ ತೋರಿಸಿದಳು, ಅಷ್ಟೆ. ಹನ್ನೊಂದೂಕಾಲು.

ನೂರ ನಲವತ್ತಮೂರನೇ ಪುಟದಲ್ಲಿ ಬೇಕಾದ ಜಾತಿಯ ಹೆಸರು ಸ್ಪಷ್ಟವಾಗಿತ್ತು. ಬೇರೆ ಯಾವುದನ್ನೂ ಬೆರೆಸಬಾರದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಲ್ಪವಿರಾಮರು ಬೆರಳನ್ನು ಆ ಪುಟದಲ್ಲೇ ಇಟ್ಟುಕೊಂಡು ಗೆದ್ದವರಂತೆ ಶೆಡ್ಡಿಗೆ ಬಂದರು. ಅಲ್ಲಿ ಎಂಜಿನ್ನು ಓಡುತ್ತಿತ್ತು.

ನಡೆದದ್ದು ಇಷ್ಟು. ಇವರು ಅಂಗಡಿಗೆ ಹೋದಾಗ ಮ್ಯಾನೇಜರು, ಪಾಪ ಒದ್ದಾಡುತ್ತಿದ್ದಾರೆ ಎಂದು, ತಮ್ಮ ಮನೆಯಲ್ಲಿ ಉಳಿದಿದ್ದ ಅರ್ಧ ಬಾಟಲಿ ಹಸಿರನ್ನು ತಂದು ಡಬ್ಬಿಗೆ ಸುರಿದಿದ್ದರು. ಅದು ತಿಳಿಯದ ಭಾವಮೈದ, ಇವರು ಒಳಗೆ ಪುಸ್ತಕ ಹುಡುಕುತ್ತಿದ್ದಾಗ, ಸ್ನೇಹಿತನ ಹತ್ತಿರ ಇಸಿದುಕೊಂಡ ಕೆಂಪನ್ನು ಮೇಲಿನ ಗೆರೆವರೆಗೂ ತುಂಬಿದ್ದ. ತುಂಬಿದ್ದಲ್ಲದೆ, ಚೆನ್ನಾಗಿ ಕಲೆಯಲಿ ಎಂದು ಇಪ್ಪತ್ತು ನಿಮಿಷದಿಂದ ಎಂಜಿನ್ನು ಓಡಿಸುತ್ತಿದ್ದ. ಡಬ್ಬಿಯಲ್ಲಿ ಈಗ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಹೊಂಡದ ನೀರಿನ ಬಣ್ಣವಿತ್ತು.

ಅಲ್ಪವಿರಾಮರು ಪುಸ್ತಕ ಮುಂದೆ ಹಿಡಿದರು. ಇಬ್ಬರೂ ಓದಿದರು. ಮ್ಯಾನೇಜರು, ದಪ್ಪಕ್ಷರ ಮುಖಪುಟದಲ್ಲಿ ಹಾಕಬೇಕಿತ್ತು ಎಂದರು.

ಇನ್ನು ಎಂಜಿನ್ನು ಓಡಿಸುವುದು ಬೇಡ ಎಂದು ತಳ್ಳಿಕೊಂಡೇ ಹೊರಟರು. ಗ್ಯಾರೇಜು ಬೀದಿಯ ಆ ತುದಿಯಲ್ಲಿತ್ತು, ಬೀದಿಯೋ ಏರು. ಭಾವಮೈದ ಬಲಕ್ಕೆ, ಅಲ್ಪವಿರಾಮರು ಎಡಕ್ಕೆ. ಮ್ಯಾನೇಜರು ಮಂಡಿಯ ಕಾರಣಕ್ಕೆ ಸ್ಟೇರಿಂಗ್ ಹಿಡಿದು ಕೂತು, ಕಿಟಕಿಯಿಂದ ಕೈ ಚಾಚಿ ನಡೆಸಿದರು. ಮೂರು ಮನೆ ದಾಟಿದ ಮೇಲೆ, ಅವರು ಅಷ್ಟು ಹೊತ್ತೂ ಬ್ರೇಕಿನ ಮೇಲೆ ಕಾಲಿಟ್ಟಿದ್ದು ಗೊತ್ತಾಯಿತು.

ಮೇಸ್ತ್ರಿ ಬಾನೆಟ್ಟು ಎತ್ತಿ ನೋಡಿ, ಮೂವರ ಮುಖ ನೋಡಿ, ಎಂಜಿನ್ನು ತಣ್ಣಗಾಗುವವರೆಗೂ ಮುಚ್ಚಳಕ್ಕೆ ಕೈ ಹಾಕುವುದಿಲ್ಲ ಎಂದು ಊಟಕ್ಕೆ ಕೂತ. ಆಮೇಲೆ ಎಲ್ಲವನ್ನೂ ಹೊರಗೆ ಬಿಟ್ಟ. ಎರಡು ಬಕೆಟ್ಟು ಮಡ್ಡಿ ನೀರು ಬಂತು. ತೊಳೆದ, ಮತ್ತೆ ತೊಳೆದ. ಪುಟ ನೂರ ನಲವತ್ತಮೂರರಲ್ಲಿದ್ದ ಜಾತಿಯನ್ನೇ ಅಲ್ಪವಿರಾಮರು ಓಡಿಹೋಗಿ ತಂದರು. ಅಳತೆಗೆ ಸರಿಯಾಗಿ ಶುದ್ಧ ನೀರು ಬೆರೆಸಿ ತುಂಬಿದ್ದಾಯಿತು. ಕಾರು ಶೆಡ್ಡಿಗೆ ಮರಳಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಡಬ್ಬಿಯಲ್ಲಿ ಕೂಲಂಟ್ ಎರಡು ಗೆರೆಗಳ ನಡುವೆ ಹೊಳೆಯುತ್ತಿತ್ತು. ಹನ್ನೆರಡು ವರ್ಷದಲ್ಲಿ ಆ ಕಾರು ಅಷ್ಟು ಸರಿಯಾಗಿ ಎಂದೂ ಇರಲಿಲ್ಲ.

ಮೇಡಂ ಐದಕ್ಕೆ ಸರಿಯಾಗಿ ಬಂದರು. ಬಣ್ಣ, ಟೈರು ಯಾವುದನ್ನೂ ನೋಡದೆ ನೇರ ಬಾನೆಟ್ಟು ತೆರೆಸಿ, ಡಬ್ಬಿಯ ಮೇಲೆ ಕಣ್ಣಿಟ್ಟರು.

"ಇದನ್ನ ಯಾವಾಗ ಬದಲಾಯಿಸಿದ್ರಿ?"

"ಇವತ್ತು ಮಧ್ಯಾಹ್ನ," ಎಂದರು ಅಲ್ಪವಿರಾಮರು. ಸುಳ್ಳು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಆದರೆ ಮ್ಯಾನೇಜರು, ಇವರು ಬೆಳಿಗ್ಗೆ ಏಳರಿಂದ ಇದರ ಹಿಂದೆಯೇ ಇದ್ದಾರೆ ಎಂದು ಪ್ರಮಾಣಪತ್ರ ಕೊಟ್ಟರು. ಎರಡು ಬಕೆಟ್ಟು ಮಡ್ಡಿ ತೆಗೆಸಿದ್ದೇವೆ ಎಂದು ಭಾವಮೈದ ಹೆಮ್ಮೆಯಿಂದ ಸೇರಿಸಿದ. ಗ್ಯಾರೇಜಿನವರೆಗೂ ತಳ್ಳಿಕೊಂಡೇ ಹೋದ ಕಥೆಯನ್ನೂ ಇಬ್ಬರೂ ಸೇರಿ ಹೇಳಿದರು.

ಮೇಡಂ ಬಾನೆಟ್ಟು ಇಳಿಸಿದರು. "ತಪ್ಪು ತಿಳ್ಕೋಬೇಡಿ ಸರ್. ಮಾರೋ ದಿನವೇ ಕೂಲಂಟ್ ಬದಲಾಯಿಸ್ತಾರೆ ಅಂದ್ರೆ ಎಂಜಿನ್ ಬಿಸಿಯಾಗುತ್ತೆ ಅಂತಲೇ ಲೆಕ್ಕ. ಕಲಿಯೋ ಮಕ್ಕಳನ್ನ ಇದರಲ್ಲಿ ಕೂರಿಸಕ್ಕೆ ನಂಗೆ ಧೈರ್ಯ ಇಲ್ಲ."

"ಇಲ್ಲ ಮೇಡಂ, ಇದು," ಎಂದು ಅಲ್ಪವಿರಾಮರು ನಿಂತರು. ಸರಿಯಾದ ಮಾತು ಹುಡುಕಿಕೊಂಡು, "ಬಿಸಿಯಾಗಲ್ಲ," ಎನ್ನುವಷ್ಟರಲ್ಲಿ ಮೇಡಂ ಗೇಟಿನ ಹತ್ತಿರ ಹೋಗಿದ್ದರು.

ಮ್ಯಾನೇಜರಿಗೆ ಬೇಸರವಾಯಿತು. ತಪ್ಪೆಲ್ಲ ಕೆಂಪಿನದು, ಹಸಿರು ಹೇಗಿರುತ್ತದೆಂದು ಒಂದು ಸಲ ನೋಡಿ ಎಂದು ಹೇಳುತ್ತ ಮೇಡಂ ಅವರನ್ನು ಎದುರಿನ ತಮ್ಮ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಕಾರು ಧೂಳು ಹೊದ್ದು ನಿಂತಿತ್ತು. ಬಾನೆಟ್ಟು ತೆರೆದರು. ಡಬ್ಬಿಯ ಮೇಲೆ ಜೇಡರ ಬಲೆಯಿತ್ತು. ಒಳಗೆ ಕೂಲಂಟ್ ಮೇಲಿನ ಗೆರೆಯಲ್ಲೇ ಇತ್ತು.

ಮೇಡಂ ಕೇಳಿದಾಗ ಮ್ಯಾನೇಜರು, ತುಂಬಿಸಿ ಮೂರು ವರ್ಷವಾಯಿತು, ಮಂಡಿ ನೋವು ಬಂದಮೇಲೆ ವಾರಕ್ಕೊಮ್ಮೆ ಅಂಗಡಿವರೆಗೆ ಹೋಗಿ ಬರುವುದಷ್ಟೇ ಎಂದರು.

"ಮೂರು ವರ್ಷಕ್ಕೆ ಒಂದು ಗೆರೆಯೂ ಇಳಿದಿಲ್ಲ. ಎಲ್ಲೂ ಸೋರಿಲ್ಲ, ಯಾರೂ ಕೈ ಹಾಕಿಲ್ಲ," ಎಂದು ಮೇಡಂ ತಮಗೆ ತಾವೇ ಹೇಳಿಕೊಂಡರು. ಬೀದಿಯಲ್ಲಿ ಎರಡು ಸುತ್ತು ಓಡಿಸಿ ಬಂದು, ಇದನ್ನು ಕೊಡುತ್ತೀರಾ ಎಂದು ಕೇಳಿದರು. ಮ್ಯಾನೇಜರು ತಮ್ಮ ಮಂಡಿಯನ್ನು ಒಮ್ಮೆ ನೋಡಿಕೊಂಡು ಹೂಂ ಎಂದರು.

ಮೇಡಂ ಆ ಕಾರು ಓಡಿಸಿಕೊಂಡು ತಿರುವು ದಾಟುವ ಹೊತ್ತಿಗೆ ಅಲ್ಪವಿರಾಮರ ಹೆಂಡತಿ ಟೇಪು ಹಿಡಿದು ಎದುರಿನ ಖಾಲಿ ಶೆಡ್ಡಿನಲ್ಲಿದ್ದಳು. ತಮ್ಮದಕ್ಕಿಂತ ಎರಡಡಿ ಅಗಲ, ಕಿಟಕಿ ಬೇರೆ. ಬಾಡಿಗೆಯ ಮಾತೆತ್ತಿದಾಗ ಮ್ಯಾನೇಜರು ನೊಂದುಕೊಂಡರು.

"ಬಾಡಿಗೆ ಯಾಕಮ್ಮ, ನೀನು ಕ್ಲಾಸು ನಡೆಸು. ನಂಗೆ ಮಂಡಿ ಡಾಕ್ಟರು, ಲೈಬ್ರರಿ, ಮಗಳ ಮನೆ, ಅಲ್ಲಿ ಇಲ್ಲಿ ಓಡಾಟ ಇರುತ್ತೆ. ಇವರ ಕಾರಂತೂ ಇದ್ದೇ ಇದೆ."

ಅಲ್ಪವಿರಾಮರು ಏನೋ ಹೇಳಲು ಬಾಯಿ ತೆರೆದರು. ಅವರ ವಾಕ್ಯ ಇನ್ನೂ ಶುರುವಾಗುತ್ತಿರುವಾಗಲೇ ಹೆಂಡತಿ ಆಗಲಿ ಎಂದುಬಿಟ್ಟಿದ್ದಳು. ಕಾರು ಉಳಿಯಿತಲ್ಲ ಎಂದು ಅವರೂ ಒಳಗೊಳಗೇ ಹಿಗ್ಗಿದರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮ್ಯಾನೇಜರು ಗೇಟಿನ ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸಿದ್ಧವಾಗಿ ನಿಂತಿದ್ದರು. ಅಲ್ಪವಿರಾಮರು ಪಕ್ಕದ ಸೀಟನ್ನು ಮತ್ತೊಮ್ಮೆ ಒರೆಸಿ, ಬಗ್ಗಿ, ಆ ಕಡೆಯ ಬಾಗಿಲು ತೆರೆದು ಹಿಡಿದರು. ಮ್ಯಾನೇಜರು ಅದನ್ನು ಮೃದುವಾಗಿ ಮುಚ್ಚಿ, ಹಿಂದಿನ ಬಾಗಿಲು ತೆರೆದುಕೊಂಡು ಕೂತರು. ಪೇಪರು ಬಿಡಿಸಿದರು.

"ಹೊರಡೋಣ," ಎಂದರು.