ಹುರುಳಿ ಒಕ್ಕಿಕೊಟ್ಟ ಕಪ್ಪು ಕಾರಿಗೆ ಒಂದು ಬಿನ್ನಹ

ಟೇಕಲ್ ಬೆಟ್ಟದ ಹಿಂದಿರುವ ನಮ್ಮ ಹಳ್ಳಿಯ ರಸ್ತೆಯಲ್ಲಿ ಪ್ರತಿ ಶನಿವಾರ ದರ್ಶನ ಕೊಡುವ, ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುವಷ್ಟು ಮೈಹೊಳಪಿರುವ ಕಪ್ಪು ಕಾರಿನವರ ಸನ್ನಿಧಿಗೆ,

ಮಾನ್ಯರೇ,

ಹುರುಳಿ ಬೆಳೆಗಾರ ಚನ್ನರಾಯಪ್ಪ ತಲೆಯ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿಕೊಂಡು ಮಾಡುವ ನಮಸ್ಕಾರಗಳು. ತಾವು ಹೊಟ್ಟೆ ತುಂಬ ಎಣ್ಣೆ ಕುಡಿದು, ನೆರಳಿನಲ್ಲಿ ನಿಂತು, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನೂ ನನ್ನ ಹೆಂಡತಿ ಮುನಿಗಂಗಮ್ಮನೂ ಕ್ಷೇಮ. ನಮ್ಮ ಹುರುಳಿ ಮಾತ್ರ ಪೊಲೀಸ್ ಠಾಣೆಯಲ್ಲಿದೆ.

ತಮ್ಮೊಳಗೆ ಕೂರುವ ಯಜಮಾನರಿಗೆ ಬರೆಯದೆ ತಮಗೇ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅವರು ದೊಡ್ಡ ಕಾರ್ಖಾನೆಯ ಒಡೆಯರೆಂದೂ, ಯಾವ ಪಕ್ಷ ಗೆದ್ದರೂ ಗೆದ್ದವರಿಗೆ ಬೇಕಾದವರೆಂದೂ ಕೇಳಿದ್ದೇವೆಯೇ ಹೊರತು ಕಣ್ಣಾರೆ ಕಂಡಿಲ್ಲ. ತಮ್ಮ ಗಾಜು ಅಷ್ಟು ಕಪ್ಪು. ಕಾರ್ಖಾನೆಯಲ್ಲಿ ವಿಚಾರಿಸಿದರೆ ಹೆಡ್ ಆಫೀಸಿನಲ್ಲಿ ಕೇಳಿ ಎನ್ನುತ್ತಾರೆ, ಹೆಡ್ ಆಫೀಸಿನವರು ಕಂಪನಿಯೇ ಬೇರೆ ಸಾಹೇಬರೇ ಬೇರೆ ಎನ್ನುತ್ತಾರೆ, ತಾವು ಶನಿವಾರ ಬಂದು ತಂಗುವ ತೋಟದ ಮನೆಯ ಕಾವಲಿನವರು ಈ ಮನೆ ಸಾಹೇಬರದೇ ಅಲ್ಲ, ಯಾವುದೋ ಟ್ರಸ್ಟಿನದು ಎನ್ನುತ್ತಾರೆ. ಹೀಗೆ ಅಲೆದು ಅಲೆದು, ಕಣ್ಣಿಗೆ ಕಾಣುವವರು, ಮುಟ್ಟಿದರೆ ಕೈಗೆ ಸಿಗುವವರು ತಾವೊಬ್ಬರೇ ಎಂದು ಖಾತ್ರಿಯಾಯಿತು.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ತಮಗೆಂದು ಸರ್ಕಾರ ಹಾಕಿಸಿದ ಟಾರು ರಸ್ತೆ ನಮ್ಮೂರನ್ನು ಹಾದು ತೋಟದ ಮನೆಯ ಗೇಟಿನವರೆಗೆ ಬಂದು, ಅಲ್ಲಿಂದ ಮುಂದೆ ಶಾಲೆಯ ಕಡೆಗೆ ಹೋಗಲು ಸಂಕೋಚಪಟ್ಟು ಗೇಟಿನೆದುರೇ ನಿಂತುಬಿಟ್ಟಿದೆ. ಕಣ ಮಾಡುವಷ್ಟು ಜಾಗವಿಲ್ಲದ ನಾವು ಅದರ ಮೇಲೆ ಹುರುಳಿ ಬಳ್ಳಿ ಹರಡಿದರೆ, ತಾವೂ ತಮ್ಮ ಹಿಂದುಮುಂದಿನ ಬಿಳಿ ಕಾರುಗಳೂ ಹತ್ತಿ ಇಳಿದು, ಕೂಲಿ ಕೇಳದೆ, ಕಾಫಿಯನ್ನೂ ಕೇಳದೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತಿದ್ದಿರಿ. ಲಾರಿ ಹತ್ತಿದರೆ ಕಾಳು ಹೋಳಾಗುತ್ತದೆ, ನಮ್ಮ ಕಾರಿನ ಚಕ್ರಕ್ಕೆ ಇಡಿಯಾಗಿ ಬಿಡುತ್ತದೆ ಎಂದು ನಾನು ಮಾಲೂರು ಸಂತೆಯವರೆಗೆ ಹೇಳಿಕೊಂಡು ತಿರುಗಿದ್ದೇನೆ. ಹೌದು, ನಮ್ಮ ಕಾರು ಎಂದೇ ಹೇಳುತ್ತಿದ್ದೆ. ನಾಲ್ಕು ಜನ ಕೂತ ಕಡೆ ಕತೆ ಹೇಳುವುದು ನನ್ನ ಹಳೆಯ ಚಾಳಿ. ಬೀಗರ ಮನೆಯಲ್ಲಿ ಕೋಟಿ ಬೆಲೆಯ ಆಳನ್ನು ಇಟ್ಟುಕೊಂಡಿದ್ದೇನೆ ಎಂದು ಹೇಳಿ ಒಂದು ಮುದ್ದೆ ಜಾಸ್ತಿ ಹಾಕಿಸಿಕೊಂಡವನು ನಾನು. ತಮ್ಮ ಸದ್ದು ಕೇಳಿದರೆ ಸಾಕು, ಓಡಿಹೋಗಿ ರಸ್ತೆ ಬದಿಯಲ್ಲಿ ಕೈಮುಗಿದು ನಿಲ್ಲುತ್ತಿದ್ದೆ. ಮುನಿಗಂಗಮ್ಮ ಮೊರದಲ್ಲಿ ಕಾಳು ಕೇರುತ್ತ, "ಗಾಜಿಗೆ ಕೈಮುಗಿದಿದ್ದು ಸಾಕು ಬಾರಯ್ಯ, ಒಳಗಿರೋರು ಗೊರಕೆ ಹೊಡೀತಿದ್ರೂ ನಿಂಗೆ ಗೊತ್ತಾಗಲ್ಲ" ಎನ್ನುತ್ತಿದ್ದಳು. ದೊಡ್ಡವರ ಸಹವಾಸ ಇವಳಿಗೇನು ಗೊತ್ತು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಹೋದ ಶನಿವಾರ ಆಸೆಗೆ ಬಿದ್ದು ಬಳ್ಳಿಯನ್ನು ಸ್ವಲ್ಪ ದಪ್ಪಗೇ ಹರಡಿದ್ದೆ. ತಾವು ಬಂದಿರಿ, ಬಳ್ಳಿ ತಮ್ಮ ಹೊಟ್ಟೆಯಡಿ ಸುತ್ತಿಕೊಂಡಿತು, ಹೊಗೆ ಎದ್ದಿತು, ತಾವು ನಿಂತಿರಿ. ತಮ್ಮೊಳಗೆ ನೂರಾರು ಕುದುರೆಗಳ ಶಕ್ತಿಯಿದೆಯೆಂದು ಡ್ರೈವರ್ ಕದಿರೇಶ್ ಹಿಂದೊಮ್ಮೆ ಹೇಳಿದ್ದರಿಂದ, ಹುರುಳಿಯ ವಾಸನೆಗೆ ಅವೆಲ್ಲ ಒಟ್ಟಿಗೆ ನಿಂತವೇನೋ ಎಂದು ನಾನು ಮೊದಲು ಹೆಮ್ಮೆಪಟ್ಟೆ. ಆಮೇಲೆ ಬೆಂಕಿ ಕಂಡಿತು. ಮುನಿಗಂಗಮ್ಮ ಕುಡಿಯುವ ನೀರಿನ ಬಿಂದಿಗೆಯನ್ನೇ ತಂದು ಸುರಿದಳು. ನಾನು ತಮ್ಮ ಕೆಳಗೆ ತೆವಳಿ ಹೊತ್ತಿದ ಬಳ್ಳಿಯನ್ನು ಕೈಯಲ್ಲೇ ಕಿತ್ತೆಳೆದೆ. ಕದಿರೇಶ್ ಇಳಿದು ಬಿಳಿ ಷರ್ಟಿನ ತೋಳು ಮಡಿಸಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಂಗೈಯನ್ನೂ ಮೀಸೆಯ ಒಂದು ಬದಿಯನ್ನೂ ಸುಟ್ಟುಕೊಂಡು ನಾನು ಎದ್ದು ನಿಂತಾಗ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಹಿಂದಿನ ಗಾಜು ಎರಡು ಬೆರಳಷ್ಟು ಇಳಿಯಿತು. ಒಳಗಿನಿಂದ ತಣ್ಣನೆಯ ಗಾಳಿ ಬಂತು, ಅದರ ಹಿಂದೆ ಒಂದು ದನಿ ಬಂತು: "ಯಾರ್ದು ಇದು?"

ಮಾನ್ಯರೇ, ನಾನು ಕೆಟ್ಟಿದ್ದು ಇಲ್ಲಿ. ಬೆಳೆಯನ್ನು ಮೆಚ್ಚಿ ಕೇಳುತ್ತಿದ್ದಾರೆ ಎಂದು ತಿಳಿದು, ಸುಟ್ಟ ಕೈಯಲ್ಲೇ ಒಂದು ಹಿಡಿ ಕಾಳನ್ನೆತ್ತಿ ಗಾಜಿನ ಸಂದಿಗೆ ಹಿಡಿದು, "ನಮ್ದೇ ಸ್ವಾಮಿ. ಒಳ್ಳೆ ಕಾಳು, ಸಾರಿಗೆ ಚೆನ್ನಾಗಿರ್ತದೆ. ಒಂದು ಸೇರು ಕಟ್ಟಿಕೊಡ್ಲಾ?" ಎಂದೆ. ಗಾಜು ಮೇಲೆ ಹೋಯಿತು.

ಸಂಜೆಯೊಳಗೆ ಜೀಪು ಬಂತು. ಆಂಬುಲೆನ್ಸಿನವರು ನಮ್ಮೂರಿಗೆ ದಾರಿ ಕೇಳಿಕೊಂಡು ಬರುವಷ್ಟರಲ್ಲಿ ರೋಗಿ ವಾಸಿಯಾಗಿ ಹೊಲಕ್ಕೆ ಹೋಗಿರುತ್ತಾನೆ. ಜೀಪಿಗೆ ಮಾತ್ರ ದಾರಿ ಚೆನ್ನಾಗಿ ಗೊತ್ತಿತ್ತು. ರಸ್ತೆಗೆ ಅಡ್ಡಿ, ಗಣ್ಯರ ಜೀವಕ್ಕೆ ಅಪಾಯ ಎಂದು ಕೇಸಾಯಿತು. ಒಕ್ಕಿದ ನಾಲ್ಕು ಮೂಟೆ ಹುರುಳಿಯೂ, ಮುಂದಿನ ಬಿತ್ತನೆಗೆಂದು ಮುನಿಗಂಗಮ್ಮ ಒಂದೊಂದೇ ಕಾಳು ಆರಿಸಿಟ್ಟಿದ್ದ ಬೀಜವೂ ಠಾಣೆಗೆ ಹೋದವು. ಎಎಸ್‌ಐ ಭೀಮರಾಜ್ ಒಳ್ಳೆಯವರು, ನನ್ನ ಕತೆಗಳನ್ನು ಕೂತು ಕೇಳಿದವರು, "ಏಮಣ್ಣಾ, ಗೊತ್ತಿಲ್ಲ ಅನ್ನೋಕೆ ಏನಾಗಿತ್ತು ನಿಂಗೆ? ಈ ಕಾಲದಲ್ಲಿ ಯಾರಾದ್ರೂ ಹಂಗೆ ನಮ್ದೇ ಅಂತಾರಾ?" ಎಂದು ನನಗಿಂತ ಹೆಚ್ಚು ನೊಂದುಕೊಂಡರು. ಮೂಟೆಗಳು ಈಗ ಸಾಕ್ಷಿಯಾಗಿರುವುದರಿಂದ ನಾನು ಮುಟ್ಟುವಂತಿಲ್ಲ. ಠಾಣೆಯ ಪಾರಿವಾಳಗಳಿಗೂ ಇಲಿಗಳಿಗೂ ಈ ಆದೇಶ ಇನ್ನೂ ತಲುಪಿಲ್ಲ. ಹೀಗೇ ನಡೆದರೆ ಬಿತ್ತನೆಯ ಹೊತ್ತಿಗೆ ಹೊಲಕ್ಕೆ ಚೆಲ್ಲಲು ಸಾಕ್ಷಿಯೇ ಉಳಿದಿರುವುದಿಲ್ಲ.

ಕಾರ್ಖಾನೆಯ ಕೊಳವೆ ಬಂದು ಸೇರುವ ನಮ್ಮ ಕೆರೆಯ ವಿಷಯವನ್ನು ಇಲ್ಲಿ ಎತ್ತಬಾರದು, ಆದರೆ ಕತೆಗಾರನ ಬಾಯಿ ನಿಲ್ಲುವುದಿಲ್ಲ. ಕೋಡಿಯಲ್ಲಿ ಆಳೆತ್ತರದ ನೊರೆ ಏಳತೊಡಗಿದಾಗಿನಿಂದ ಊರೆಲ್ಲ ಕೇಳುತ್ತಿರುವುದೂ ಇದನ್ನೇ, ಯಾರ್ದು ಇದು ಎಂದು. ಅಧಿಕಾರಿಗಳು ಬಂದು ಬಾಟಲಿಗಳಲ್ಲಿ ತುಂಬಿಕೊಂಡು ಹೋದರು. ಶಾಸಕರು ಮೂಗಿಗೆ ಕರ್ಚೀಫು ಹಿಡಿದು ಫೋಟೊ ತೆಗೆಸಿಕೊಂಡರು. ಕಾರ್ಖಾನೆಯವರು, ಇದು ಬಟ್ಟೆ ಒಗೆಯುವ ಹೆಂಗಸರ ಸೋಪಿನ ನೊರೆ ಎಂದರು. ಮುನಿಗಂಗಮ್ಮ ಅವತ್ತು ತನ್ನ ಅರ್ಧ ಸವೆದ ಸೋಪನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನೊರೆಯನ್ನು ಯಾರೂ ಮೂಟೆ ಕಟ್ಟಿ ಠಾಣೆಗೆ ಒಯ್ಯಲಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಮೆಚ್ಚಿ ಹೇಳುತ್ತಿದ್ದೇನೆ. ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡು, ಮೇಲೆ ಒಂದು ಸೇರು ಕೊಡಲು ಹೋದ ನನ್ನಂಥವನು, ವರ್ಷಗಟ್ಟಲೆ ತುಟಿ ಬಿಚ್ಚದ ಆ ಸಂಯಮವನ್ನು ಈ ಜನ್ಮದಲ್ಲಿ ಕಲಿಯಲಾರ.

ಈಗ ಬಿನ್ನಹ. ದೂರು ಕೊಟ್ಟವರೇ ಬಂದು ಕೇಸು ಬೇಡ ಎಂದರೆ ಮೂಟೆ ಬಿಡಿಸಲು ದಾರಿಯಾಗಬಹುದು ಎಂದು ಭೀಮರಾಜ್ ಹೇಳುತ್ತಾರೆ. ದೂರು ಕೊಟ್ಟಿರುವುದು ಕಂಪನಿ, ಕಂಪನಿಗೆ ಕಾಲಿಲ್ಲ. ತಮಗಾದರೋ ದೇವರು ಚಕ್ರ ಕೊಟ್ಟಿದ್ದಾನೆ. ಬರುವ ಶನಿವಾರ ತಾವೇ ದಯಮಾಡಿಸಿ, ಠಾಣೆಯೆದುರು ನಿಂತು, ಒಪ್ಪಿಗೆಯೆಂದು ಒಂದು ಸಲ ಹಾರನ್ ಹೊಡೆಯಬೇಕು. ಹಿಂತಿರುಗುವಾಗ ಕೆರೆ ಏರಿಯ ಮೇಲೆ ಒಂದು ಗಳಿಗೆ ನಿಂತು, ಹಿಂದಿನ ಗಾಜನ್ನು ಎರಡೇ ಬೆರಳು ಇಳಿಸಬೇಕು. ನಾನು ನೊರೆಯ ಕಡೆ ಕೈತೋರಿಸಿ, ಒಳಗಿನ ಯಜಮಾನರಿಂದ ಕಲಿತ ಮಾತನ್ನೇ ಅವರನ್ನು ಕೇಳುತ್ತೇನೆ. ಉತ್ತರ ಒಂದೇ ಪದ. ಸುಟ್ಟ ಕೈಯವನೂ ಹೇಳಬಹುದಾದಷ್ಟು ಸುಲಭ.

ಇತಿ, ಠಾಣೆಯ ಪಾರಿವಾಳಗಳಿಗೆ ಅನ್ನದಾತನಾದ
ತಮ್ಮ ವಿಶ್ವಾಸಿ,
ಚನ್ನರಾಯಪ್ಪ

ಮರೆತ ಮಾತು: ತಮ್ಮ ಹೊಟ್ಟೆಯಡಿ ಇನ್ನೂ ಒಂದಿಷ್ಟು ಹುರುಳಿ ಸಿಕ್ಕಿಕೊಂಡಿರುವುದನ್ನು ಮುನಿಗಂಗಮ್ಮ ನೋಡಿದ್ದಾಳೆ. ಅದೂ ಸಾಕ್ಷಿಯೇ ಆದ್ದರಿಂದ ಭೀಮರಾಜ್ ಅವರಿಗೆ ತಿಳಿಸಿದ್ದೇನೆ. ಅವರು ತಮ್ಮನ್ನು ತಡೆದು, ಬಗ್ಗಿ ನೋಡಿ, ಯಾರ್ದು ಇದು ಎಂದು ಕೇಳಿದರೆ ನನ್ನ ಹಾಗೆ ಅವಸರಪಡಬೇಡಿ. ತಮ್ಮ ಮನೆಯ ಪದ್ಧತಿಯಂತೆ ಗಾಜು ಏರಿಸಿಬಿಡಿ. ನಮ್ಮದು ಎಂದು ಹೇಳಲು ನಾನಿದ್ದೇನೆ.