ಕೊಡೆ ಕಾಯುವ ಬಸ್ಸು ಮತ್ತು ನ್ಯಾನೋಸೆಕೆಂಡು

ಕಾಯಿಸುವವನ ಗಡಿಯಾರ ಬೇರೆ, ಕಾಯುವವನ ಗಡಿಯಾರ ಬೇರೆ. ಕಾಯಿಸುವವ ಯಾವಾಗಲೂ ದೊಡ್ಡ ಅಳತೆ ಹಿಡಿಯುತ್ತಾನೆ. ‘ಅರ್ಧ ಗಂಟೆಯೂ ಆಗಲಿಲ್ಲವಲ್ಲ’ ಎನ್ನುತ್ತಾನೆ. ಕಾಯುವವ ಒಂದೊಂದೇ ಸೆಕೆಂಡನ್ನು ಹಲ್ಲಿನಡಿ ಇಟ್ಟು ಅಗಿಯುತ್ತಿರುತ್ತಾನೆ. ಇಷ್ಟು ವರ್ಷ ಬಸ್ಸು ಓಡಿಸಿ ನಾನು ಕಲಿತ ವಿದ್ಯೆ ಇದೊಂದೇ. ನಾನು ಕಾಯಿಸುವವರ ಜಾತಿಗೆ ಸೇರಿದವನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನದು ಸಂಪಾಜೆಯಿಂದ ಸುಳ್ಯದ ಮೇಲೆ ಪುತ್ತೂರಿಗೆ ಹೋಗುವ ಬೆಳಗಿನ ಬಸ್ಸು. ಈ ದಾರಿಯಲ್ಲೊಂದು ಪದ್ಧತಿ ಇದೆ. ಬಸ್ಸಿಗೆ ಹೊರಟವರು ಮೊದಲು ಕೊಡೆಯನ್ನು ತಂದು ಮೈಲುಕಲ್ಲಿಗೆ ಒರಗಿಸಿ, ಮತ್ತೆ ಮನೆಗೆ ಹೋಗಿ ನಿಧಾನವಾಗಿ ಗಂಜಿ ಉಣ್ಣುತ್ತಾರೆ. ಕೊಡೆ ಕಂಡರೆ ಬಸ್ಸು ನಿಲ್ಲಲೇಬೇಕು. ಕಂಡಕ್ಟರ್ ಅದ್ರಾಮನಿಗಂತೂ ಕೊಡೆಯ ಹಿಡಿ ನೋಡಿದರೆ ಸಾಕು. “ಇದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೋನಪ್ಪಣ್ಣನದ್ದು. ಅವರ ಸ್ನಾನ ಒಂದು ಬಾಕಿ ಉಂಟು” ಎನ್ನುತ್ತಾನೆ. ಈ ದಾರಿಯಲ್ಲಿ ಒಂದು ಕೊಡೆಯನ್ನೂ ಬಿಟ್ಟು ಹೋದವನಲ್ಲ ಎಂಬುದು ನನ್ನ ಮೊದಲನೆಯ ಹೆಮ್ಮೆ.

ಎರಡನೆಯ ಹೆಮ್ಮೆ, ತಂಗಿ ಜಾನಕಿ. ನಾನು ಐದನೆಯ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದವ. ಅವಳು ಪುತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಳು. ಕಲ್ಲುಗುಂಡಿಯಲ್ಲಿ ಹತ್ತಿ ನನ್ನ ಬೆನ್ನ ಹಿಂದೆಯೇ ಕೂತು, ದಾರಿಯುದ್ದಕ್ಕೂ ಮಿಲ್ಲಿ, ಮೈಕ್ರೋ, ನ್ಯಾನೋ ಎಂದು ಸೆಕೆಂಡುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಮಿಲ್ಲಿ, ಅದನ್ನು ಮತ್ತೆ ಸಾವಿರ ಪಾಲು ಮಾಡಿದರೆ ಮೈಕ್ರೋ, ಅದರಲ್ಲೂ ಸಾವಿರದ ಒಂದು ಪಾಲು ನ್ಯಾನೋ. ಒಮ್ಮೆ ನಾನು, “ಅಳತೆ ಸಣ್ಣದಾದ್ರೆ ಲೆಕ್ಕವೂ ಸಣ್ಣದಾಗ್ಬೇಕಲ್ವಾ?” ಎಂದೆ. “ಇಲ್ಲ ಅಣ್ಣ. ಇಡೀ ಕುಂಬಳಕಾಯಿ ಒಂದೇ. ಹೋಳು ಮಾಡಿದ್ರೆ ಎಷ್ಟಾಗುದು? ಹೋಳು ಸಣ್ಣದಾದಷ್ಟೂ ಲೆಕ್ಕ ಜಾಸ್ತಿ.” ಅಂದಿನಿಂದ ಯಾರಾದರೂ ತಡವಾಯಿತೆಂದು ಗೊಣಗಿದರೆ ನಾನು, “ಒಂದು ಮೈಕ್ರೋಸೆಕೆಂಡ್, ಮಾರಾಯ್ರೆ” ಎನ್ನತೊಡಗಿದೆ. ಅರ್ಥ ಕೇಳಿದವರಿಗೆ ತಂಗಿಯನ್ನು ತೋರಿಸುತ್ತಿದ್ದೆ.

ಅವಳ ಕೊನೆಯ ವರ್ಷದ ಪರೀಕ್ಷೆಯ ದಿನ ಅರಂತೋಡು ದಾಟಿದ ಮೇಲೆ ಮೈಲುಕಲ್ಲಿಗೆ ಮೋನಪ್ಪಣ್ಣನ ಕೊಡೆ.

“ಅಣ್ಣ, ಇವತ್ತು ಬೇಡ. ಹೋಗುವ” ಎಂದಳು ಜಾನಕಿ.

“ಕೊಡೆ ಉಂಟಲ್ಲ, ಜಾನಕಿ” ಎಂದೆ.

ಮೋನಪ್ಪಣ್ಣ ಒದ್ದೆ ತಲೆ ಬಾಚಿಕೊಳ್ಳುತ್ತಾ ಬಂದು ಹತ್ತಿದರು. ಹಿಂದಿನಿಂದ ಜವಳಿ ವ್ಯಾಪಾರಿಯೊಬ್ಬರು, “ಎಷ್ಟು ಹೊತ್ತಾಯ್ತು ಡ್ರೈವರೇ? ನಿಮ್ಮ ಮೈಕ್ರೋದಲ್ಲೇ ಹೇಳಿ, ನೋಡುವ” ಎಂದು ಚುಚ್ಚಿದರು.

“ಬರೀ ಹತ್ತು ನಿಮಿಷ. ಉಳಿದ ಲೆಕ್ಕ ತಂಗಿ ಹೇಳ್ತಾಳೆ.”

ಜಾನಕಿ ಸಿಟ್ಟಿನಲ್ಲೇ, ಪೆನ್ಸಿಲು ಕೂಡ ಮುಟ್ಟದೆ, “ಅರವತ್ತು ಸಾವಿರ ಕೋಟಿ ನ್ಯಾನೋಸೆಕೆಂಡ್” ಎಂದಳು.

ಎಂಜಿನ್ನಿನ ಗದ್ದಲಕ್ಕೆ ಹಿಂದಿನ ಸೀಟಿನವರಿಗೆ ಅದು ಕೇಳಿಸಲಿಲ್ಲ. ಇಂಥ ಮಾತು ಅರ್ಧ ಬಸ್ಸಿಗೆ ಮಾತ್ರ ಕೇಳಿದರೆ ಹೇಗೆ? ನಾನು ಎಂಜಿನ್ ಆಫ್ ಮಾಡಿದೆ. “ಇನ್ನೊಮ್ಮೆ ಹೇಳು” ಎಂದೆ. ಹೇಳಿದಳು. ಜವಳಿಯವರು ಬೆರಳು ಮಡಚಲು ಹೋಗಿ ಕೈಬಿಟ್ಟರು. ಮೋನಪ್ಪಣ್ಣ ಬಾಚಣಿಗೆಯನ್ನು ಮೆಲ್ಲನೆ ಕಿಸೆಗೆ ಹಾಕಿದರು. ನನ್ನ ಎದೆ ಸ್ಟಿಯರಿಂಗಿಗೆ ತಾಗುವಷ್ಟು ಉಬ್ಬಿತು.

ಆಮೇಲೆ ಎಂಜಿನ್ ಸ್ಟಾರ್ಟ್ ಆಗಲಿಲ್ಲ.

ಅದ್ರಾಮ ಮುಂದೆ ಹೋಗಿ ಹ್ಯಾಂಡಲ್ ಹಾಕಿ ತಿರುಗಿಸಿದ. ಬೆವರು ಬಂತು, ಕಿಡಿ ಬರಲಿಲ್ಲ. “ಎಲ್ಲ ಇಳೀರಿ, ನೂಕ್ಬೇಕು. ಕೋಟಿ ಲೆಕ್ಕದವರೂ ಇಳೀರಿ” ಎಂದ. ಹಾಲ್ ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೆರಗು ಬಿಗಿದು, ನನ್ನ ತಂಗಿ ಬಸ್ಸು ನೂಕುವುದನ್ನು ನಾನು ಕನ್ನಡಿಯಲ್ಲಿ ಕಂಡೆ. ಆ ಕನ್ನಡಿಯನ್ನು ಆಮೇಲೆ ಎಷ್ಟು ಒರೆಸಿದರೂ ಆ ಚಿತ್ರ ಹೋಗಲಿಲ್ಲ.

ಪುತ್ತೂರಿನಲ್ಲಿ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚುವ ಹೊತ್ತಿಗೆ ಹೇಗೋ ಅವಳನ್ನು ಒಳಗೆ ಬಿಟ್ಟರು. ಕೊನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. ಕೂದಲೆಳೆಯಷ್ಟರಲ್ಲಿ ಫಸ್ಟ್ ಕ್ಲಾಸು ತಪ್ಪಿತು. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಎದುರು ಎರಡು ಮಾತಾಡಿ ಹಗುರಾಗುತ್ತಿದ್ದೆ. “ಹತ್ತೇ ನಿಮಿಷ” ಎಂದು ನನಗೆ ನಾನೇ ಹೇಳಿಕೊಂಡರೆ, ಒಳಗಿನಿಂದ ಯಾರೋ ಅದನ್ನು ನ್ಯಾನೋಗೆ ಇಳಿಸಿ ಓದುತ್ತಾರೆ.

ಈಗ ಜಾನಕಿ ಸುಳ್ಯದ ಹೈಸ್ಕೂಲಿನಲ್ಲಿ ಟೀಚರು. ಮಕ್ಕಳಿಗೆ ಅದೇ ಕುಂಬಳಕಾಯಿಯ ಪಾಠ ಮಾಡುತ್ತಾಳಂತೆ. ದಿನಾ ಬೆಳಿಗ್ಗೆ ಕಲ್ಲುಗುಂಡಿಯ ಮೈಲುಕಲ್ಲಿಗೆ ಅವಳ ಕೊಡೆ ಒರಗಿರುತ್ತದೆ. ಅವಳು ಒಳಗೆ ಎರಡನೆಯ ಲೋಟ ಕಾಫಿ ಕುಡಿಯುತ್ತಿರುತ್ತಾಳೆ. ನಾನು ಕಾಯುತ್ತೇನೆ, ಎಂಜಿನ್ ಆಫ್ ಮಾಡದೆ. “ಇನ್ನೆಷ್ಟು ಕಾಯ್ಬೇಕಂತೆ, ಕೇಳಿ ಕುಶಾಲಪ್ಪಣ್ಣ” ಎನ್ನುತ್ತಾನೆ ಅದ್ರಾಮ. ನಾನು ಕೇಳುವುದಿಲ್ಲ. ಕೇಳಿದರೆ ಅವಳು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾಳೆ. ಹಿಂದಿನ ಸೀಟಿನವರಿಗೂ ಕೇಳಲಿ ಎಂದು ನಾನು ಮತ್ತೆ ಎಂಜಿನ್ ಆಫ್ ಮಾಡಿಬಿಡುತ್ತೇನೆ.