ಕೊಲೆಯಾದವರಿಗೆ ಎಲೆ ಹಾಕಿದ ಅತ್ತೆ

ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಕೊಲೆಯಾದವರನ್ನು ಊಟಕ್ಕೆ ಕರೆಯುತ್ತಾರೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ನಾನೂ ಮೊದಲು ನಕ್ಕವನೇ. ಆದರೆ ಕರೆದವರು ಬಂದು ಉಂಡು ಹೋಗಲು ಶುರುಮಾಡಿದರು ನೋಡಿ, ಅಲ್ಲಿಗೆ ನನ್ನ ನಗು ನಿಂತಿತು!

ಇದು ಶುರುವಾದದ್ದು ಒಂದು ಪುಸ್ತಕದಿಂದ. ನನಗೆ ಮುಂಬಯಿಯ ವಡಾಲ ಸ್ಟೇಷನ್ನಿನ ಹತ್ತಿರ ಹಳೆಯ ಪುಸ್ತಕದ ಅಂಗಡಿ. ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ಮೇಜು ಒರೆಸಿ, ರದ್ದಿ ಕೊಂಡು ಮಾರಿ ನಾನೇ ಕಟ್ಟಿಕೊಂಡದ್ದು. ಆದ್ದರಿಂದ ಬಿಟ್ಟಿ ಸಲಹೆ ಕೊಡುವ ಅಧಿಕಾರ ನನಗಿದೆ. ಹಳೆಯ ಪುಸ್ತಕ ಕೊಳ್ಳುವಾಗ ಮೊದಲ ಪುಟ ನೋಡಬೇಡಿ, ಕೊನೆಯ ಪುಟ ಇದೆಯೇ ನೋಡಿ. ಮೊದಲನೆಯದು ಹರಿದಿದ್ದರೆ ಹೆಸರು ಹೋಗುತ್ತದೆ ಅಷ್ಟೆ. ಕೊನೆಯದು ಹರಿದಿದ್ದರೆ ನಿದ್ದೆ ಹೋಗುತ್ತದೆ.

ನನ್ನ ಅಂಗಡಿಯಲ್ಲಿ ಕಾಲೇಜಿನವರು ಮುಗಿಬಿದ್ದು ಕೊಳ್ಳುವ ಒಂದು ಚಿತ್ರಕಥೆಯ ಮಾಲೆಯಿದೆ. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಒಂದು ಎತ್ತರದ ಬಿಲ್ಡಿಂಗಿನ ಲಿಫ್ಟ್‌ಮನ್, ಮಹಡಿಗೊಂದು ಸಂಪುಟದಂತೆ, ಅಲ್ಲಿ ವಾಸವಿರುವವರನ್ನು ಕೊಲ್ಲುತ್ತಾ ಮೇಲೇರುತ್ತಾನೆ. ಕೊಲ್ಲುವ ಮೊದಲು ಟೋಪಿ ತೆಗೆದು, “ಯಾವ ಮಹಡಿ, ಸಾಹೇಬ್?” ಎಂದು ಮರ್ಯಾದೆಯಿಂದ ಕೇಳುತ್ತಾನೆ. ಓದುವವರಿಗೆ ನಗು, ಹತ್ತಿದವರಿಗೆ ಸಾವು! ನಾಲ್ಕನೆಯ ಸಂಪುಟದ ಒಂದು ಪ್ರತಿಯ ಮೇಲೆ ಯಾರೋ ಎಣ್ಣೆ ಚೆಲ್ಲಿದ್ದರು. ಮಾರಲಾಗದ ಮಾಲು. ಅಡುಗೆಮನೆಯ ಕಪಾಟಿಗೆ ಹಾಸಲು ಆದೀತೆಂದು ದಹಿಸರಿನ ಮನೆಗೆ ತಂದೆ. ಮರುದಿನ ಸಂಜೆ ಬಂದು ನೋಡಿದರೆ ಅತ್ತೆ ಕನ್ನಡಕ ಹಾಕಿಕೊಂಡು ಅದರೊಳಗೆ ಮುಳುಗಿದ್ದಾರೆ!

“ಅತ್ತೆ, ಅದು ಇಂಗ್ಲಿಷು.”

“ಇರ್ಲಿ. ಚೂರಿಗೆ ಭಾಷೆ ಉಂಟಾ?”

“ಹೇಗಿದೆ?” ಎಂದೆ. ವ್ಯಾಪಾರಿಗೆ ಗಿರಾಕಿಯ ಅಭಿಪ್ರಾಯ ಕೇಳುವ ಚಟ ಬಿಡುವುದಿಲ್ಲ.

“ಕೊಂದದ್ದು ಚಂದ ಉಂಟು,” ಎಂದರು ಅತ್ತೆ, ಮೀನಿನ ಸಾರಿಗೆ ಉಪ್ಪು ಸರಿಯಾಗಿದೆ ಎನ್ನುವ ಧಾಟಿಯಲ್ಲಿ. “ಆದ್ರೆ ಆಮೇಲೆ?”

“ಆಮೇಲೆ ಎಂತ? ಕಥೆ ಮುಂದೆ ಹೋಗ್ತದೆ.”

“ಕಥೆ ಹೋಗ್ತದೆ. ಸತ್ತವರು ಎಲ್ಲಿಗೆ ಹೋಗುದು? ಇಷ್ಟು ಜನ ಸತ್ರು, ಒಬ್ಬನ ಮನೆಯಲ್ಲಿಯಾದ್ರೂ ಒಲೆ ಹಚ್ಚದೆ ಕೂತದ್ದು ತೋರಿಸಿದ್ದಾರಾ? ಪಕ್ಕದ ಮನೆಯವರು ಗಂಜಿ ತಂದು ಕೊಟ್ಟದ್ದು ಉಂಟಾ? ಇಡೀ ಪುಸ್ತಕದಲ್ಲಿ ಒಂದು ಕಾಗೆ ಸಹ ಇಲ್ಲ ಮಾರಾಯ್ರೆ!”

ಈ ಮಾಲೆಯ ಬಗ್ಗೆ ನಾನು ಕೇಳದ ಅಭಿಪ್ರಾಯವಿಲ್ಲ. ರಕ್ತ ಹೆಚ್ಚಾಯಿತು ಎಂದವರಿದ್ದಾರೆ, ಸಾಲದು ಎಂದು ಗೊಣಗಿದವರಿದ್ದಾರೆ. ಕಾಗೆ ಸಾಲದು ಎಂದವರನ್ನು ಅದೇ ಮೊದಲು ಕಂಡದ್ದು.

ಆಗ ಮಹಾಲಯದ ಪಕ್ಷ ನಡೆಯುತ್ತಿತ್ತು, ಪಿತೃಗಳಿಗೆ ಎಡೆ ಇಡುವ ಹದಿನೈದು ದಿನ. ಮರುದಿನ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಾಳೆಲೆ ಹಿಡಿದು ಹೊರಗೆ ಹೊರಟರು. ನಮ್ಮದೂ ನಾಲ್ಕನೆಯ ಮಹಡಿ. ಲಿಫ್ಟಿನ ಬಾಗಿಲ ಎದುರು ಎಲೆ ಹಾಸಿ ಅನ್ನ, ಪಲ್ಯ, ಕೋಳಿ ಸಾರು ಬಡಿಸಿದರು. ಪಾಯಸವನ್ನು ಸ್ಟೀಲಿನ ಬಟ್ಟಲಿನಲ್ಲಿ ಹಾಕಿ ದೂರ ಇಟ್ಟರು.

“ಇಲ್ಲಿ ಯಾಕೆ ಅತ್ತೆ?”

“ಅವರು ಸತ್ತದ್ದು ಲಿಫ್ಟಿನಲ್ಲಿ ಅಲ್ವಾ? ನಮ್ಮ ಅಡುಗೆಮನೆಗೆ ದಾರಿ ಗೊತ್ತುಂಟಾ ಅವರಿಗೆ?”

ಆಮೇಲೆ ಮುಚ್ಚಿದ ಲಿಫ್ಟಿನ ಕಡೆ ತಿರುಗಿ ಕರೆದರು. ತುಳುವಿನಲ್ಲಿ ಅಲ್ಲ, ಹಿಂದಿಯಲ್ಲಿ! ಸತ್ತವರು ಬಾಂಬೆಯವರಂತೆ ಕಾಣುತ್ತಾರೆ, ತುಳು ಬರಲಿಕ್ಕಿಲ್ಲ ಎಂದು ಅವರ ಲೆಕ್ಕ. “ಏ ಮೂಛ್‌ವಾಲಾ ಭಾಯಿ, ಆ ಜಾವ್. ಖಾನಾ ಖಾಕೆ ಜಾವ್!” ಮೊದಲು ಕೊಲೆಯಾದವನಿಗೆ ದೊಡ್ಡ ಮೀಸೆಯಿತ್ತು. ಕರೆದು, ಒಳಗೆ ಬಂದು, ಬಾಗಿಲು ಹಾಕಿದರು. ಅವರು ಉಣ್ಣುವಾಗ ನೋಡಬಾರದಂತೆ.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದೆವು. ಎಲೆ ಹಾಗೆಯೇ ಇತ್ತು. ಪಾಯಸ ಮಾತ್ರ ಇರಲಿಲ್ಲ. ಬಟ್ಟಲನ್ನು ತೊಳೆದು ಬೋರಲು ಹಾಕಿತ್ತು.

ಬೆಕ್ಕು ಎನ್ನೋಣವೇ? ಯಾವ ಬೆಕ್ಕು ಬಟ್ಟಲು ತೊಳೆದು ಬೋರಲು ಹಾಕುತ್ತದೆ, ಹೇಳಿ! ಅತ್ತೆ ಆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ಬಂದವರು ಮೀನು ಕೋಳಿ ತಿನ್ನುವವರಲ್ಲ,” ಎಂದರು.

ಮರುದಿನದಿಂದ ಕೊಲೆಯಾದವರೆಲ್ಲ ಸಸ್ಯಾಹಾರಿಗಳಾದರು. ಒಂದೊಂದು ಸಂಜೆ ಒಬ್ಬೊಬ್ಬರ ಸರದಿ. ಎರಡನೆಯ ದಿನ ಎಲೆ ಪೂರ್ತಿ ಖಾಲಿ. ಅದನ್ನು ನಾಲ್ಕು ಕಡೆಯಿಂದ ಮಡಚಿ ಪಾನ್ ಕಟ್ಟಿದಂತೆ ಇಟ್ಟಿತ್ತು. “ನಮ್ಮ ಊರಿನವರಲ್ಲ,” ಎಂದರು ಅತ್ತೆ. ನಮ್ಮಲ್ಲಿ ಎಲೆ ಹಾಗೆ ಮಡಚುವುದಿಲ್ಲವಲ್ಲ. ಮೂರನೆಯ ದಿನ ಈರುಳ್ಳಿ ಹಾಕಿದ ಪಲ್ಯ ಉಳಿಯಿತು. ಈರುಳ್ಳಿ ನಿಂತಿತು. ಆಮೇಲೆ ಉಪ್ಪಿನಕಾಯಿ ಉಳಿಯಿತು. ಉಪ್ಪೂ ಕಡಿಮೆಯಾಯಿತು.

“ಸತ್ತವರಿಗೆ ಬಿ.ಪಿ. ಇರ್ತದಾ ಅತ್ತೆ?”

“ಇಲ್ಲದೆ? ಆ ಲಿಫ್ಟ್‌ಮನ್‌ನ ಮುಖ ನೋಡಿದ್ರೆ ಯಾರಿಗೂ ಬಿ.ಪಿ. ಬರ್ತದೆ.”

ನಾನು ನಗಲು ಹೋದೆ. ಅಷ್ಟರಲ್ಲಿ ಹೊರಗೆ ಲಿಫ್ಟು ನಿಂತ ಸದ್ದಾಯಿತು. ಬಾಗಿಲು ತೆರೆಯಿತು, ಮುಚ್ಚಿತು. ಯಾರೂ ಇಳಿದ ಹೆಜ್ಜೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ವಾಚ್‌ಮನ್, ವಿಜಯಪುರದ ಕಡೆಯವನು, ನನ್ನನ್ನು ಪಕ್ಕಕ್ಕೆ ಕರೆದ.

“ಸಾಹೇಬ್ರ, ದಿನಾ ಸಂಜೀಮುಂದ ಲಿಫ್ಟು ತಾನ ನಾಕನೇ ಮಾಳಿಗಿಗೆ ಹೋಗಾಕತ್ತೈತ್ರಿ. ಯಾರೂ ಗುಂಡಿ ಒತ್ತಿರಂಗಿಲ್ಲ.”

“ಮೆಕ್ಯಾನಿಕ್‌ಗೆ ಹೇಳಿದೆಯಾ?”

“ಹೇಳೇನ್ರಿ. ಅವ ಬಂದು ನೋಡಿ, ಕೈಮುಗದು ಹೋದ.”

ಇಂಥ ಸುದ್ದಿ ಬಿಲ್ಡಿಂಗಿನಲ್ಲಿ ನಿಲ್ಲುತ್ತದೆಯೇ? ಜನ ಮೂರನೆಯ ಮಹಡಿಯಲ್ಲೇ ಇಳಿದು ಮೆಟ್ಟಿಲು ಹತ್ತತೊಡಗಿದರು. ಕೆಳಗಿನ ಬೋರ್ಡಿನಲ್ಲಿ ನೋಟಿಸು ಬಿತ್ತು: “ಲಿಫ್ಟಿನ ಎದುರು ಭೂತಪ್ರೇತಗಳಿಗೆ ಆಹಾರ ಹಾಕಬಾರದು. ಸೆಕ್ರೆಟರಿ.”

ಸೆಕ್ರೆಟರಿ ಎಂದರೆ ನಮ್ಮ ಎದುರು ಬಾಗಿಲಿನ ಗುಜರಾತಿ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ಮಕ್ಕಳಿಲ್ಲ. ಅಂದಿನಿಂದ ಅವರು ಮಾತಾಡುವುದೇನಿದ್ದರೂ ನೋಟಿಸ್ ಬೋರ್ಡಿನ ಮೂಲಕವೇ. ನಮ್ಮದೋ ಬಾಡಿಗೆಯ ಮನೆ. ಕರಾರು ಆ ತಿಂಗಳು ಹೊಸದಾಗಬೇಕು. ಅದಕ್ಕೆ ಬಿಲ್ಡಿಂಗಿನ ಸೊಸೈಟಿಯ ಒಪ್ಪಿಗೆ ಪತ್ರ ಬೇಕು, ಪತ್ರಕ್ಕೆ ಬೇಕಾದದ್ದು ಅದೇ ಮುದುಕರ ಸಹಿ. ಮನೆಯ ಮಾಲಕ ಫೋನು ಮಾಡಿ, “ಸೆಕ್ರೆಟರಿ ಸಹಿ ಹಾಕದಿದ್ದರೆ ಪೆಟ್ಟಿಗೆ ಕಟ್ಟಿ,” ಎಂದ. ಹೆಂಡತಿ ನನ್ನ ಮುಖ ನೋಡಿದಳು. ಆ ನೋಟದ ಅರ್ಥ: ಇಡೀ ಜಗತ್ತಿನ ಜೊತೆ ಚೌಕಾಶಿ ಮಾಡುತ್ತೀರಲ್ಲ, ನನ್ನ ಅಮ್ಮನ ಜೊತೆ ಮಾಡಿ ನೋಡೋಣ!

ಮಾಡಿದೆ.

“ಅತ್ತೆ, ಉಳಿದವರಿಗೆಲ್ಲ ಸೇರಿಸಿ ಒಂದೇ ದಿನ, ಒಂದೇ ಎಲೆ. ಹೋಲ್‌ಸೇಲ್ ಮುಗಿಸಿಬಿಡಿ.”

“ನಿಮ್ಮ ಅಪ್ಪನನ್ನೂ ನಿಮ್ಮ ಮಾವನನ್ನೂ ಒಂದೇ ಎಲೆಗೆ ಕೂರಿಸ್ತೀರಾ ಅಳಿಯಂದಿರೇ?”

ಅವರಿಬ್ಬರೂ ಬದುಕಿದ್ದಾಗ ಒಂದೇ ಬೆಂಚಿನಲ್ಲಿ ಕೂತವರಲ್ಲ. ನಾನು ಸೋತೆ. ನಿಮಗೂ ಹೇಳುತ್ತೇನೆ, ತನಗಾಗಿ ಏನನ್ನೂ ಕೇಳದವರ ಜೊತೆ ಚೌಕಾಶಿಗೆ ಇಳಿಯಬೇಡಿ. ಅವರ ಹತ್ತಿರ ಇಳಿಸಲು ಬೆಲೆಯೇ ಇರುವುದಿಲ್ಲ.

ಸೆಕ್ರೆಟರಿ ಸಾಕ್ಷಿಗೆಂದು ಪುಸ್ತಕವನ್ನು ವಶಪಡಿಸಿಕೊಂಡರು. ತೀರ್ಮಾನಕ್ಕೆ ಮೊದಲು ಕಮಿಟಿಯವರೆಲ್ಲ ಅದನ್ನು ಪರಿಶೀಲಿಸಬೇಕಂತೆ. ಪರಿಶೀಲನೆ ಮಹಡಿಯಿಂದ ಮಹಡಿಗೆ ಹೋಯಿತು. ಕಮಿಟಿಯಲ್ಲಿ ಇಲ್ಲದವರೂ ಪರಿಶೀಲಿಸಿದರು. ಪುಸ್ತಕ ವಾಪಸು ಬಂದಾಗ ಅದರ ಮೇಲೆ ಎಣ್ಣೆಯ ಜೊತೆಗೆ ದಾಲಿನ ಕಲೆ, ಚಹಾದ ಕಲೆ. ಅಂಚಿನಲ್ಲಿ ಅರಿಸಿನದ ಒಂದು ಬೆರಳಚ್ಚು ಬೇರೆ.

ಭಾನುವಾರ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಮೀಟಿಂಗು ಕರೆದರು. ಅತ್ತೆಯೂ ಸೆರಗು ಹೊದ್ದು ಬಂದು ಕೂತರು. ವಿಷಯ: ನಾಲ್ಕನೆಯ ಮಹಡಿಯ ಬಾಡಿಗೆದಾರರನ್ನು ಇಟ್ಟುಕೊಳ್ಳುವುದೋ ಬಿಡುವುದೋ. ಆದರೆ ಓದಿದವರ ಬಾಯಿ ಸುಮ್ಮನಿರುತ್ತದೆಯೇ? ಎರಡನೆಯ ಮಹಡಿಯ ಟ್ಯೂಷನ್ ಟೀಚರು ಮೊದಲು ಎದ್ದರು.

“ಮೂರನೆಯ ಕೊಲೆಯಲ್ಲಿ ಅರ್ಥವಿಲ್ಲ. ಅಷ್ಟು ದಪ್ಪ ಮನುಷ್ಯ ಆ ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ.”

“ಸರಿಯಾಗಿ ಮಡಚಿದರೆ ಹಿಡಿಸುತ್ತಾನೆ,” ಎಂದಿತು ಹಿಂದಿನ ಸಾಲಿನಿಂದ ಒಂದು ಶಾಂತ ಧ್ವನಿ.

ಎಲ್ಲರೂ ತಿರುಗಿ ನೋಡಿದರು. ಏಳನೆಯ ಮಹಡಿಯ ಟ್ರಾವೆಲ್ ಏಜೆಂಟ್. ಅವರ ಎರಡೂ ಪಕ್ಕದ ಕುರ್ಚಿಗಳು ಮೆಲ್ಲನೆ ದೂರ ಸರಿದವು.

ಗೇಟಿನ ಹತ್ತಿರ ನಿಂತಿದ್ದ ವಾಚ್‌ಮನ್ ನನ್ನ ಕಿವಿಯಲ್ಲಿ, “ಲಿಫ್ಟ್‌ಮನ್ನಂದೇನ್ ತಪ್ಪೈತ್ರಿ? ಆರನೇ ಪುಟದಾಗ ನೋಡ್ರಿ, ಅವಂಗ ದೀಪಾವಳಿ ಬೋನಸ್ ಕೊಟ್ಟಿಲ್ಲ,” ಎಂದ. ಆಮೇಲೆ ಅದನ್ನೇ ಗಟ್ಟಿಯಾಗಿ ಹಿಂದಿಯಲ್ಲಿ ಹೇಳಿದ. ಬೋನಸ್ಸಿನ ವಿಷಯವನ್ನು ಕಮಿಟಿಯವರು ತಕ್ಷಣ ಬರೆದುಕೊಂಡರು.

ಕೊನೆಗೆ ಮಾತು ಕಡೆಯ ಚಿತ್ರಕ್ಕೆ ಬಂತು. ಆ ಮಹಡಿಯ ಮುದುಕಿಯೊಬ್ಬಳು ಲಿಫ್ಟಿನೊಳಗೆ ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ಹಿಂದೆ ಲಿಫ್ಟ್‌ಮನ್‌ನ ಟೋಪಿ ಕಾಣುತ್ತದೆ. ಬಾಗಿಲು ಅರ್ಧ ಮುಚ್ಚಿದೆ. ಅಲ್ಲಿಗೆ ಸಂಪುಟ ಮುಗಿಯುತ್ತದೆ. ಸತ್ತಳೋ ಇಲ್ಲವೋ? ಮುಂದಿನ ಸಂಪುಟ ಇನ್ನೂ ಬಂದಿಲ್ಲ. “ಸತ್ತಳು,” ಎಂದರು ಟೀಚರು. “ಸತ್ತೇ ಸತ್ತಳು,” ಎಂದಿತು ಹಿಂದಿನ ಸಾಲು. ಕೈ ಎತ್ತಿಸಿದರು. ಹೆಚ್ಚು ಕೈಗಳು ಸಾವಿನ ಕಡೆ.

ಅದುವರೆಗೆ ಸುಮ್ಮನಿದ್ದ ಸೆಕ್ರೆಟರಿ ಎದ್ದು ನಿಂತರು. ಹಿಂದಿಯಲ್ಲಿ, ನೇರ ಅತ್ತೆಯ ಕಡೆ ನೋಡಿ ಕೇಳಿದರು: “ಬೆಹನ್‌ಜೀ, ಮೀಸೆಯವನನ್ನು ಕರೆದಿರಿ. ಸೂಟ್‌ಕೇಸಿನವನನ್ನು ಕರೆದಿರಿ. ನಿನ್ನೆಗೆ ಎಲ್ಲರೂ ಮುಗಿದರು. ಈ ಮುದುಕಿಯನ್ನು ಯಾಕೆ ಕರೆಯಲಿಲ್ಲ? ನಾನು ದಿನಾ ಬಾಗಿಲ ಹಿಂದೆ ಕಾಯುತ್ತೇನೆ.”

ಕಾಯುತ್ತಾರೆಯೇ? ನಾನು ಅವರ ಕೈಯಲ್ಲಿದ್ದ ಪುಸ್ತಕ ನೋಡಿದೆ. ಆ ಅರಿಸಿನದ ಬೆರಳಚ್ಚು ನೋಡಿದೆ. ಆಮೇಲೆ ಅತ್ತೆಯ ಮುಖ ನೋಡಿದೆ. ಅಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ!

“ಮೊದಲ ದಿನ ಕಚರಾ ಎಂದು ಎತ್ತಿಹಾಕಲು ಬಂದೆ,” ಎಂದರು ಮುದುಕರು, ನೆಲ ನೋಡುತ್ತಾ. “ಪಾಯಸದಲ್ಲಿ ಏಲಕ್ಕಿಯ ವಾಸನೆ ಇತ್ತು.”

ಅತ್ತೆ ತಮ್ಮ ಮುರುಕು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: “ಭಾಯ್ ಸಾಬ್, ಅವಳ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಬಾಗಿಲು ಮುಚ್ಚದವರಿಗೆ ನಾನು ಹೇಗೆ ಎಲೆ ಹಾಕುವುದು?”

ಮುದುಕರು ಕೂತುಬಿಟ್ಟರು. ಮೀಟಿಂಗಿಗೆ ಅಲ್ಲ, ಆ ಚಿತ್ರಕ್ಕೇ ಹೇಳುವಂತೆ ಹೇಳಿದರು. “ನನ್ನ ಹೆಂಡತಿಯನ್ನೂ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಆಸ್ಪತ್ರೆಯವರು ಇಬ್ಬರು ಹತ್ತಿದರು. ನನಗೆ ಲಿಫ್ಟಿನಲ್ಲಿ ಜಾಗ ಇರಲಿಲ್ಲ. ಬಾಗಿಲು ಅರ್ಧ ಮುಚ್ಚುವುದು ನೋಡಿದೆ, ಮೆಟ್ಟಿಲಿನ ಕಡೆ ಓಡಿದೆ. ಕೆಳಗೆ ಮುಟ್ಟುವಾಗ ಮುಗಿದಿತ್ತು. ಬಾಗಿಲು ಪೂರ್ತಿ ಮುಚ್ಚಿದ್ದು ನಾನು ನೋಡಲೇ ಇಲ್ಲ.”

ಮೀಟಿಂಗು ಹೇಗೆ ಮುಗಿಯಿತೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಕುರ್ಚಿಗಳನ್ನು ಸದ್ದಾಗದಂತೆ ಮಡಚಿದ್ದು ನೆನಪಿದೆ. ಮರುದಿನ ಬೋರ್ಡಿನಲ್ಲಿ ನೋಟಿಸು ಇರಲಿಲ್ಲ. ನಮ್ಮ ಬಾಗಿಲ ಅಡಿಯಿಂದ ಸಹಿಯಾದ ಒಪ್ಪಿಗೆ ಪತ್ರ ಒಳಗೆ ಸರಿದು ಬಂದಿತ್ತು.

“ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ?”

“ಸತ್ತವರು ಬಟ್ಟಲು ತೊಳೀತಾರಾ ಅಳಿಯಂದಿರೇ? ಊಟಕ್ಕೆ ಬನ್ನಿ ಅಂತ ಕರೆದ್ರೆ ಬರುವ ಜನ ಅಲ್ಲ ಅವರು. ಸತ್ತವರ ಹೆಸರಿನಲ್ಲಾದ್ರೆ ನಾಚಿಕೆ ಇಲ್ಲ ನೋಡಿ.”

“ಹಾಗಾದರೆ ದಿನಾ ಲಿಫ್ಟು ಕರೆದದ್ದೂ ಅವರೇ?”

“ಅವರ ಮನೆ ಇರುವುದು ಲಿಫ್ಟಿನ ಪಕ್ಕದಲ್ಲೇ ಅಲ್ವಾ. ಅವರಿಗೆ ಲಿಫ್ಟು ಎಂತಕ್ಕೆ?”

ಮಹಾಲಯ ಅಮಾವಾಸ್ಯೆಯ ಸಂಜೆ ಅತ್ತೆ ಎರಡು ಎಲೆ ಹಾಕಿದರು. ಒಂದು ಲಿಫ್ಟಿನ ಎದುರು, ಇನ್ನೊಂದು ನಮ್ಮ ಮನೆಯ ಒಳಗೆ. ಎದುರು ಬಾಗಿಲು ತಟ್ಟಿ ಮುದುಕರನ್ನು ಕರೆದು ಸೌಟನ್ನು ಅವರ ಕೈಗೇ ಕೊಟ್ಟರು. “ಹೊರಗಿನದು ನೀವು ಬಡಿಸಿ, ನೀವೇ ಕರೆಯಿರಿ. ಒಳಗಿನದು ನಿಮಗೆ. ಇನ್ನು ಅದಲು ಬದಲು ಮಾಡುವುದು ಬೇಡ.” ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದ ಮುದುಕರು ಅನ್ನ ಬಡಿಸಿ, ಪಾಯಸವನ್ನು ಸ್ವಲ್ಪ ಹೆಚ್ಚೇ ಹಾಕಿ, ಮುಚ್ಚಿದ ಬಾಗಿಲ ಎದುರು ನಿಂತರು. ಹೆಂಡತಿಯನ್ನು ಹೆಸರು ಹಿಡಿದು ಕರೆದು ಅಭ್ಯಾಸವಿರಲಿಲ್ಲವೋ ಏನೋ. ಎರಡು ಸಲ ಗಂಟಲು ಸರಿಮಾಡಿಕೊಂಡು, ಪಕ್ಕದ ಕೋಣೆಯಲ್ಲಿರುವವಳಿಗೆ ಕೇಳಿಸಿತೇ ಎನ್ನುವಂತೆ ಮೆಲ್ಲಗೆ, “ಸುನತೀ ಹೋ?” ಎಂದರು.

ಕೆಳಗೆಲ್ಲೋ ಲಿಫ್ಟು ಹೊರಟ ಸದ್ದಾಯಿತು. ಒಂದು. ಎರಡು. ಮೂರು. ನಾಲ್ಕಕ್ಕೆ ಬಂದು ನಿಂತಿತು. ಬಾಗಿಲು ಪೂರ್ತಿ ತೆರೆಯಿತು. ಒಳಗೆ ಯಾರೂ ಇರಲಿಲ್ಲ, ದೀಪ ಮಾತ್ರ ಉರಿಯುತ್ತಿತ್ತು.

ನಾನು ನಡುದಾರಿಯಲ್ಲೇ ನಿಂತಿದ್ದೆ. ಅತ್ತೆ ನನ್ನ ತೋಳು ಹಿಡಿದು ಗೋಡೆಯ ಕಡೆ ಸರಿಸಿದರು.

“ಜಾಗ ಬಿಡಿ ಅಳಿಯಂದಿರೇ,” ಎಂದರು ಪಿಸುದನಿಯಲ್ಲಿ. “ಈ ಸಲವಾದ್ರೂ ಜಾಗ ಇರ್ಲಿ.”